ನೆಲ್ಫಾ ಡಾಕ್ಟರೂ ಅನಾಕ್ಲೆತೊ ಮಾವನ ಹೊಟ್ಟೆಯೂ

ನೆಲ್ಫಾ ತಾರ್ಕಿ ಶಸ್ತ್ರವೈದ್ಯೆಯಾಗಿ ನಮ್ಮ ವಿಲಾಕೋಯೊ ಆಸ್ಪತ್ರೆಗೆ ಬಂದ ದಿನ ಊರಿನವರು ಬ್ಯಾಂಡ್‌ಸೆಟ್ ತರಿಸಿದ್ದರು. ಅವಳ ಕೊರಳಿಗೆ ಒಂದು ಹೂವಿನ ಹಾರ, ಒಂದು ಬ್ರೆಡ್ಡಿನ ಹಾರ. ತಲೆಯ ಮೇಲೆ ಬೊಗಸೆ ಬೊಗಸೆಯಾಗಿ ಸುರಿದ ಬಣ್ಣದ ಕಾಗದದ ಚೂರು. ಸುತ್ತಲ ಹಳ್ಳಿಗಳ ಒಕ್ಕೂಟದ ಮುಖಂಡ ಸೆವೆರೊ ಯುಹ್ರ ಕೆಂಪು ಪೊಂಚೊ ಹೊದ್ದು ಮೈಕಿನ ಮುಂದೆ ನಿಂತು ಭಾಷಣ ಶುರು ಮಾಡಿದ.

"ಈ ಮಗಳು ಇನ್ನೂ ಇಷ್ಟೆತ್ತರ ಇದ್ದಾಗ ಇವಳ ತಾತನಿಗೆ ಕರುಳು ತಿರುಚಿಕೊಳ್ತು. ಡಾಕ್ಟರಿಲ್ಲ, ಆಸ್ಪತ್ರೆಯಿಲ್ಲ. ಲಾರಿ ಮೇಲೇ ಪ್ರಾಣ ಬಿಟ್ಟ. ಅವತ್ತು ಇವಳು ಆ ಹೆಣದ ಮುಂದೆ ನಿಂತು ಶಪಥ ಮಾಡಿದ್ಲು, ನಮ್ಮ ಜನರ ಹೊಟ್ಟೆ ನಾನೇ ಹೊಲೀತೀನಿ ಅಂತ."

ಹೆಂಗಸರು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ನೆಲ್ಫಾ ಮೆಲ್ಲಗೆ ನನ್ನ ಕಡೆ ಬಾಗಿದಳು.

"ಯಾವ ತಾತ ಅಕ್ಕ?"

"ಸುಮ್ನಿರು. ಜನ ಅಳ್ತಿದಾರೆ," ಅಂದೆ.

ನಾನು ಸಬೀನಾ, ನೆಲ್ಫಾಳ ದೊಡ್ಡಪ್ಪನ ಮಗಳು. ಇದೇ ಊರಿನ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಅವಳ ತಾತಂದಿರಿಬ್ಬರನ್ನೂ ನಾನು ಕಂಡಿದ್ದೇನೆ. ಒಬ್ಬ ಕೆಮ್ಮಿ ಕೆಮ್ಮಿ ಹಾಸಿಗೆಯಲ್ಲೇ ಹೋದ. ಇನ್ನೊಬ್ಬ ಮದುವೆಮನೆಯಲ್ಲಿ ಕುಡಿದು ಬರುವಾಗ ಹೇಸರಗತ್ತೆಯ ಮೇಲಿಂದ ಬಿದ್ದ. ಹೊಟ್ಟೆಯ ಕಾಯಿಲೆ ಇಬ್ಬರಿಗೂ ಇರಲಿಲ್ಲ.

ಕರುಳು ತಿರುಚಿಕೊಂಡದ್ದು ಅವಳ ಸೋದರಮಾವ ಅನಾಕ್ಲೆತೊಗೆ. ನಮ್ಮ ಈ ಎತ್ತರದ ಬಯಲಿನಲ್ಲಿ ಅದು ಹೊಸ ಕಾಯಿಲೆಯಲ್ಲ. ಇಲ್ಲಿಯವರ ದೊಡ್ಡ ಕರುಳು ಉದ್ದವೂ ಅಗಲವೂ ಆಗಿರುತ್ತದಂತೆ. ಸುಗ್ಗಿಯ ಕಾಲದಲ್ಲಿ ಆಲೂಗಡ್ಡೆ, ಹಾಬಾ ಕಾಳು ಹೊಟ್ಟೆಬಿರಿಯ ತಿಂದಾಗ ಅದು ಹಗ್ಗದ ಹಾಗೆ ಹೊಸೆದುಕೊಂಡುಬಿಡುತ್ತದೆ. ಅನಾಕ್ಲೆತೊ ಮಾವನ ಹೊಟ್ಟೆ ತಮಟೆಯಂತೆ ಉಬ್ಬಿದಾಗ ಕುರಿ ತುಂಬಿದ ಲಾರಿಯಲ್ಲಿ ಅವನನ್ನು ನಗರಕ್ಕೆ ಒಯ್ದರು. ಅವನು ಸಾಯಲಿಲ್ಲ. ಕೊಳೆತ ಕರುಳನ್ನು ಕತ್ತರಿಸಿ, ಉಳಿದ ತುದಿಯನ್ನು ಹೊಟ್ಟೆಯ ಎಡಬದಿಯಲ್ಲಿ ಹೊರಗೆ ತಂದು, ಅದಕ್ಕೊಂದು ಚೀಲ ಅಂಟಿಸಿ ಕಳಿಸಿದರು. ಮೂರು ತಿಂಗಳು ಬಿಟ್ಟು ಬಾ, ಒಳಗೆ ಸೇರಿಸಿ ಮುಚ್ಚುತ್ತೇವೆ ಅಂದಿದ್ದರಂತೆ. ಹೋದಾಗ ಅಲ್ಲಿ ಮುಷ್ಕರ. ಮತ್ತೆ ಹೋದಾಗ ಆ ಡಾಕ್ಟರು ಬೇರೆಡೆಗೆ ಹೋಗಿದ್ದರು. ಅದಾದ ಮೇಲೆ ಅವನು ಹೋಗಲಿಲ್ಲ.

ಚೀಲ ಇದ್ದವನ ಪಕ್ಕ ಬಸ್ಸಿನಲ್ಲಿ ಯಾರೂ ಕೂರಲಿಲ್ಲ. ಹಬ್ಬದಲ್ಲಿ ಕುಣಿತದ ಸಾಲಿಗೆ ಅವನನ್ನು ಕರೆಯುವುದು ನಿಂತಿತು. ಹೆಂಡತಿ ತವರಿಗೆಂದು ಹೋದವಳು ಎಲ್ ಆಲ್ತೊ ಪಟ್ಟಣದಲ್ಲೇ ಹಣ್ಣು ಮಾರುತ್ತಾ ಉಳಿದುಬಿಟ್ಟಳು. ಅವನು ಊರಾಚೆ ತೊರೆಯ ಹತ್ತಿರ ಮಣ್ಣಿಟ್ಟಿಗೆಯ ಒಂದು ಕೋಣೆ ಕಟ್ಟಿಕೊಂಡು ಕುರಿ ಸಾಕಿದ. ನೆಲ್ಫಾ ಹುಡುಗಿಯಾಗಿದ್ದಾಗ ಅವನಿಗೆ ಸೂಪು ಒಯ್ದು ಕೊಡುತ್ತಿದ್ದಳು. ಬೆಳಗಿನ ಹಿಮಗಟ್ಟಿದ ನೀರಿನಲ್ಲಿ ಅವನು ಒಬ್ಬನೇ ಕೂತು ಚೀಲ ತೊಳೆಯುವುದನ್ನು ಅವಳು ನೋಡಿದ್ದಳು. ಇಷ್ಟು ನಿಜ. ಇದರಿಂದ ಅವಳು ಶಸ್ತ್ರವೈದ್ಯೆಯಾದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿದ್ದಂತೆ ಕಾಣೆ.

ಸ್ವಾಗತದ ಮಾರನೆಯ ದಿನ ನಾವಿಬ್ಬರೂ ಮಾವನ ಕೋಣೆಗೆ ಹೋದೆವು. ಅವನು ಬಾಗಿಲ ಬಳಿ ಕೂತು ಕೋಕಾ ಎಲೆ ಅಗಿಯುತ್ತಿದ್ದ. ಎದ್ದೇಳಲಿಲ್ಲ.

"ಏನಮ್ಮ ಡಾಕ್ಟರಮ್ಮ, ನನ್ನ ನೋಡೋಕೆ ಬಂದ್ಯೋ, ನನ್ನ ಹೊಟ್ಟೆ ನೋಡೋಕೆ ಬಂದ್ಯೋ?"

"ಎರಡೂ, ಮಾವ."

"ಎರಡೂ ಅಂದ್ರೆ ಹೊಟ್ಟೇನೇ."

ನೆಲ್ಫಾ ಅವನ ಪಕ್ಕ ನೆಲದ ಮೇಲೆ ಕೂತಳು. "ಅದನ್ನ ಮುಚ್ಚೋಕೆ ಆಗುತ್ತೇನೋ ನೋಡ್ಬಹುದು ಮಾವ. ಒಂದಷ್ಟು ಪರೀಕ್ಷೆ ಮಾಡ್ಬೇಕು."

"ನಾನು ಕೇಳಿದ್ನಾ?"

"ಇಲ್ಲ."

"ಭಾಷಣದಲ್ಲಿ ತಾತ ಅಂದ್ರೂ, ನನ್ನ ಹೊಟ್ಟೆಗೋಸ್ಕರ ನೀನು ಓದ್ದೆ ಅಂತ ಊರೆಲ್ಲ ಹೇಳ್ತಾರೆ. ನಿನ್ನ ಓದಿಗೆ ನಾನು ಒಂದು ಕುರೀನೂ ಮಾರ್ಲಿಲ್ಲ. ಮಾರಿದ್ದು ನಿಮ್ಮಪ್ಪ. ಹೋಗಿ ಅವನ ಹೊಟ್ಟೆ ಹೊಲಿ."

ನನಗೆ ನಗು ಬಂತು. ನೆಲ್ಫಾ ನಗಲಿಲ್ಲ. ಮಾವ ಅವಳ ಕೈಗೂ ನಾಲ್ಕು ಕೋಕಾ ಎಲೆ ಹಾಕಿದ. ಆಮೇಲೆ ಕುರಿ, ಹಿಮ, ಆಲೂಗಡ್ಡೆಯ ಹುಳು ಇವುಗಳ ಮಾತಾಯಿತು.

ಹಿಂದಿರುಗುವಾಗ ದಾರಿಯಲ್ಲಿ ಅವಳು ನಿಂತಳು. "ಅಕ್ಕ, ಹಂಗಾದ್ರೆ ನಾನು ಬಂದಿದ್ದು ಯಾಕೆ?"

"ಸಂಬಳ ಕೊಡ್ತಾರೆ, ಬಂದೆ," ಅಂದೆ.

ಅವಳು ಆಗ ಮೊದಲ ಸಲ ತಾನು ಶಸ್ತ್ರಚಿಕಿತ್ಸೆ ಆರಿಸಿದ ದಿನದ ಕಥೆ ಹೇಳಿದಳು. ವೈದ್ಯಕೀಯ ಮುಗಿಸಿ, ಪರೀಕ್ಷೆ ಬರೆದು, ಮೇಲಿನ ಓದಿಗೆ ಸೀಟು ಆರಿಸುವ ದಿನ ಅವಳ ತಲೆಯಲ್ಲಿದ್ದದ್ದು ಮಕ್ಕಳ ವೈದ್ಯಕೀಯ. ಅಮ್ಮನಿಗೂ ಹಾಗೇ ಹೇಳಿದ್ದಳು. ಮೇಜಿನ ಹಿಂದಿದ್ದವರು ಯಾವುದು ಬೇಕು ಅಂದಾಗ ಅವಳ ಬಾಯಿ 'ಶಸ್ತ್ರಚಿಕಿತ್ಸೆ' ಅಂದುಬಿಟ್ಟಿತು. ಯಾಕೆ ಅಂತ ಅವರು ಕೇಳಿದರು. ಅವಳಿಗಿಂತ ಮೊದಲು ಹೋದವರೆಲ್ಲ ಅಮ್ಮ ಸತ್ತ ಕಥೆ, ತಮ್ಮ ಸತ್ತ ಕಥೆ ಹೇಳಿದ್ದರು. ಅವಳು ಅನಾಕ್ಲೆತೊ ಮಾವನ ಚೀಲದ ಕಥೆ ಹೇಳಿದಳು. ಮೇಜಿನ ಹಿಂದಿದ್ದ ಹೆಂಗಸಿನ ಕಣ್ಣು ತುಂಬಿತು.

"ಸುಳ್ಳು ಹೇಳ್ಲಿಲ್ಲ ಅಕ್ಕ. ಆದ್ರೆ ಹೇಳೋವರೆಗೂ ಅದೇ ಕಾರಣ ಅಂತ ನಂಗೆ ಗೊತ್ತಿರ್ಲಿಲ್ಲ. ಹೇಳಿದ್ಮೇಲೆ ಅದೇ ಇರ್ಬಹುದು ಅನ್ನಿಸ್ತು. ಆಮೇಲೆ ಇನ್ನೊಂದಾಯ್ತು. ಮೊದಲ ಸಲ ಒಬ್ಬ ಹೆಂಗಸಿನ ಹೊಟ್ಟೆಯೊಳಗೆ ಕೈ ಇಟ್ಟಾಗ ಬೆಚ್ಚಗಿತ್ತು, ನಂಗೆ ತುಂಬಾ ಖುಷಿಯಾಯ್ತು. ಆ ಹೆಂಗಸಿಗೆ ನೋವು, ನಂಗೆ ಖುಷಿ. ಅದು ಯಾರ ಸೇವೆ?"

ನಾನು ಟೀಚರಾದದ್ದು ಶಾಲೆ ಮನೆಗೆ ಹತ್ತಿರ ಇತ್ತು ಎಂದು.

ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯಿತ್ತು, ಹೊಸ ದೀಪವಿತ್ತು, ಶಸ್ತ್ರವೈದ್ಯೆಯೂ ಬಂದಾಗಿತ್ತು. ಅರಿವಳಿಕೆ ಕೊಡುವ ಡಾಕ್ಟರು ಮಾತ್ರ ಇರಲಿಲ್ಲ. ಲಿಸೆತ್ ಅನ್ನುವ ಡಾಕ್ಟರು ಗುರುವಾರ ಎಲ್ ಆಲ್ತೊದಿಂದ ಮಿನಿಬಸ್ಸಿನಲ್ಲಿ ಬಂದು ಶುಕ್ರವಾರ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ನೆಲ್ಫಾ ಕೀವು ತೆಗೆದಳು, ಹಲ್ಲು ನೋವಿಗೆ ಮಾತ್ರೆ ಕೊಟ್ಟಳು, ಲಾಮಾ ಒದ್ದ ಕಾಲಿಗೆ ಪಟ್ಟಿ ಕಟ್ಟಿದಳು. ಕತ್ತರಿಸಬೇಕಾದವರನ್ನು ಆಂಬುಲೆನ್ಸ್ ಹತ್ತಿಸಿ ನಗರಕ್ಕೆ ಕಳಿಸಿದಳು.

ಗುರುವಾರಗಳಲ್ಲಿ ಪಿತ್ತಕೋಶದ ಕಲ್ಲು ತೆಗೆಯುತ್ತಿದ್ದಳು. ಜನ ಬಂದರು, ಆದರೆ ಅನುಮಾನದಿಂದಲೇ ಬಂದರು. ಮಲಗಿದವರ ಮೈಯಿಂದ ಕೊಬ್ಬು ಕದ್ದು ಮಾರುವ ಕರಿಸಿರಿ ಅನ್ನುವವನ ಭಯ ನಮ್ಮಲ್ಲಿ ಇನ್ನೂ ಹೋಗಿಲ್ಲ. ಜ್ಞಾನ ತಪ್ಪಿಸಿ ಹೊಟ್ಟೆ ಕೊಯ್ಯುವವಳನ್ನು ಕಂಡರೆ ಹೇಗಿದ್ದೀತು. ಅವಳು ತೆಗೆದದ್ದನ್ನೆಲ್ಲ ತಟ್ಟೆಯಲ್ಲಿಟ್ಟು ಮನೆಯವರಿಗೆ ತೋರಿಸಿ, ಕಲ್ಲುಗಳನ್ನು ಶೀಶೆಗೆ ಹಾಕಿ ಕೊಟ್ಟಳು. ಒಬ್ಬ ಮುದುಕಿ ಶೀಶೆ ಅಲುಗಿಸಿ ನೋಡಿ, "ಕಲ್ಲು ಕೊಟ್ಟೆ ಸರಿ. ಕೊಬ್ಬೆಲ್ಲಿ?" ಅಂದಳಂತೆ.

ನೆಲ್ಫಾ ಅದನ್ನು ನನಗೆ ಹೇಳುವಾಗ ನಗುತ್ತಲೇ ಶುರು ಮಾಡಿದಳು. ಮುಗಿಸುವಾಗ ಮುಖ ಸಣ್ಣದಾಗಿತ್ತು. "ಬೇಕು ಅಂತ ಬ್ಯಾಂಡ್ ತರಿಸ್ತಾರೆ, ಬಂದ್ರೆ ಕಳ್ಳಿ ಥರ ನೋಡ್ತಾರೆ. ನಂಗೆ ಅರ್ಥ ಆಗಲ್ಲ."

ಆ ವರ್ಷದ ಆಲೂಗಡ್ಡೆ ಕೀಳುವ ಕಾಲಕ್ಕೆ ಸೆವೆರೊ ಯುಹ್ರ ರಸ್ತೆ ತಡೆಗೆ ಕರೆ ಕೊಟ್ಟ. ಬೇಡಿಕೆ ಒಂದೇ. ವಿಲಾಕೋಯೊ ಆಸ್ಪತ್ರೆಗೆ ಖಾಯಂ ಅರಿವಳಿಕೆ ಡಾಕ್ಟರು ಬೇಕು. ಹಳ್ಳಿಗೊಂದು ಗುಂಪಾಗಿ ಬಂದು ಹೆದ್ದಾರಿಗೆ ಬಂಡೆ ಉರುಳಿಸಿದರು. ನಾವು ಮೇಷ್ಟ್ರುಗಳೂ ಸರದಿಯಲ್ಲಿ ಹೋಗಿ ಕೂತೆವು. ನಮ್ಮನ್ನು ನೋಡಿ ಪಕ್ಕದ ಪ್ರಾಂತದವರೂ ತಮಗೊಂದು ಸೇತುವೆ ಬೇಕೆಂದು ತಮ್ಮ ಕಡೆಯ ರಸ್ತೆಗೆ ಬಂಡೆ ಹಾಕಿದರು. ಗುರುವಾರ ಬಂತು. ಲಿಸೆತ್ ಡಾಕ್ಟರ ಮಿನಿಬಸ್ಸು ಆ ಬಂಡೆಗಳ ಆಚೆಯಿಂದಲೇ ತಿರುಗಿ ಹೋಯಿತು.

ನೆಲ್ಫಾ ಹೆದ್ದಾರಿಗೆ ಬಂದು ಸೆವೆರೊನನ್ನು ಕೇಳಿದಳು. "ಯಜಮಾನ್ರೇ, ಅರಿವಳಿಕೆ ಡಾಕ್ಟರು ಬೇಕು ಅಂತ ಅರಿವಳಿಕೆ ಡಾಕ್ಟರನ್ನೇ ತಡೀತಿದೀರಲ್ಲ?"

"ನಾವಲ್ಲಮ್ಮ ತಡೆದಿದ್ದು. ಆ ಕಡೆಯವರು."

"ನೀವು ತೆಗೀರಿ, ಅವರೂ ತೆಗೀತಾರೆ."

"ತೆಗೆದ್ರೆ ಯಾರು ಮಾತಾಡಿಸ್ತಾರೆ ನಮ್ಮನ್ನ? ನೀನು ಓದಿದೋಳು, ಹೊಟ್ಟೆ ನೋಡ್ಕೋ. ರಸ್ತೆ ನಾವು ನೋಡ್ಕೋತೀವಿ."

ಎರಡು ದಿನ ಕಳೆದು ಮಧ್ಯಾಹ್ನದ ಊಟದ ಮೇಲೆ ಸೆವೆರೊಗೇ ಹೊಟ್ಟೆ ಹಿಡಿದುಕೊಂಡಿತು. ರಸ್ತೆಯಲ್ಲಿ ಎಲ್ಲರೂ ಬುತ್ತಿ ಬಿಚ್ಚಿ, ಒಂದೇ ಬಟ್ಟೆಯ ಮೇಲೆ ಸುರಿದುಕೊಂಡು, ಸುಟ್ಟ ಆಲೂಗಡ್ಡೆ, ಹಾಬಾ ಕಾಳು, ಒಣಗಿಸಿದ ಚುನ್ಯೊ ಗಡ್ಡೆ ತಿಂದಿದ್ದರು. ಆಸ್ಪತ್ರೆಗೆ ತರುವಷ್ಟರಲ್ಲಿ ಅವನ ಹೊಟ್ಟೆ ಪೊಂಚೊದ ಕೆಳಗೆ ಬೆಟ್ಟದಂತೆ ಎದ್ದಿತ್ತು. ನೆಲ್ಫಾ ಬೆರಳಿನಿಂದ ತಟ್ಟಿ ಕೇಳಿ, ಗುದದ್ವಾರದಿಂದ ನಳಿಕೆ ತೂರಿಸಿ ತಿರುಚು ಬಿಡಿಸಲು ನೋಡಿದಳು. ನಳಿಕೆಯಲ್ಲಿ ಗಾಳಿಯ ಬದಲು ಕಪ್ಪು ನೀರು ಬಂತು. ಕರುಳು ಕೊಳೆಯಲು ಶುರುವಾಗಿತ್ತು.

ಆಂಬುಲೆನ್ಸ್ ಹೊರಡಿಸಿದರು. ನಮ್ಮ ಬಂಡೆಗಳನ್ನು ನಮ್ಮವರು ಓಡಿ ಹೋಗಿ ಸರಿಸಿದರು. ಪಕ್ಕದ ಪ್ರಾಂತದವರು ಸರಿಸಲಿಲ್ಲ. ಮುಖಂಡನ ಹೆಸರು ಹೇಳಿದಾಗ, ಯಾವ ಮುಖಂಡ, ನಮ್ಮ ಮುಖಂಡ ಇಲ್ಲೇ ಕೂತಿದಾನಲ್ಲ ಅಂದರಂತೆ. ಡ್ರೈವರು ಸೆವೆರೊನನ್ನು ಅದೇ ಗಾಡಿಯಲ್ಲಿ ವಾಪಸು ತಂದ.

ಆಸ್ಪತ್ರೆಯ ಅಂಗಳದಲ್ಲಿ ಸೆವೆರೊನ ಹೆಂಡತಿ ದಾರಿಯಾ, ನಾನು, ಅರ್ಧ ಊರು. ನೆಲ್ಫಾ ಹೊರಗೆ ಬಂದಳು.

"ಅತ್ತೆ, ಇಲ್ಲೇ ಮಾಡ್ಬೇಕು. ಮದ್ದು ಕೊಡೋ ಡಾಕ್ಟರಿಲ್ಲ. ಬೆನ್ನಿಗೆ ಸೂಜಿ ಚುಚ್ಚಿ ಹೊಟ್ಟೆಯಿಂದ ಕೆಳಗೆ ಮರಗಟ್ಟಿಸೋದು ನಂಗೆ ಬರುತ್ತೆ. ಇಲ್ಲಿ ಜ್ವರ ಕೆಮ್ಮು ನೋಡೋ ಡಾಕ್ಟರ್ ರಾಮಿರೊ ಉಸಿರು, ರಕ್ತದೊತ್ತಡ ನೋಡ್ಕೋತಾರೆ. ಉಳೀತಾರೆ ಅಂತ ಹೇಳೋಕಾಗಲ್ಲ."

"ಮಾಡದಿದ್ರೆ?"

"ಉಳಿಯಲ್ಲ."

"ಅಷ್ಟು ಗೊತ್ತಿದ್ಮೇಲೆ ನನ್ನ ಯಾಕಮ್ಮ ಕೇಳ್ತೀಯ," ಅಂದಳು ದಾರಿಯಾ. ಆಮೇಲೆ ತನ್ನ ದುಂಡು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ ಕೂತಳು.

ಒಳಗೆ ನಡೆದದ್ದು ನನಗೆ ರಾಮಿರೊ ಹೇಳಿದ್ದು. ಸೆವೆರೊಗೆ ಎಚ್ಚರವಿತ್ತು. ಹೊಟ್ಟೆ ಕೊಯ್ಯುವಾಗಲೂ ರಸ್ತೆಯಲ್ಲಿ ಯಾರಿದ್ದಾರೆ, ಸರದಿ ತಪ್ಪಿಸಿದವರು ಯಾರು ಎಂದು ಕೇಳುತ್ತಿದ್ದನಂತೆ. ನೆಲ್ಫಾ ಕಪ್ಪಗಾದ ಕರುಳನ್ನು ಹೊರಗೆತ್ತಿ, ಕತ್ತರಿಸಿ, ತಟ್ಟೆಗೆ ಹಾಕಿದಳು. ಉಳಿದ ಎರಡು ತುದಿಗಳನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಳು. ಅಷ್ಟು ಊದಿದ, ಹೊಲಸಾದ ಹೊಟ್ಟೆಯಲ್ಲಿ ಅವನ್ನು ಜೋಡಿಸಿ ಹೊಲಿದರೆ ಹೊಲಿಗೆ ನಿಲ್ಲುವುದಿಲ್ಲ. ಕೆಳಗಿನ ತುದಿಯನ್ನು ಮುಚ್ಚಿ ಒಳಗೇ ಬಿಟ್ಟು, ಮೇಲಿನ ತುದಿಯನ್ನು ಎಡಬದಿಯಲ್ಲಿ ಹೊರಗೆ ತಂದಳು.

ಸಂಜೆ ಹೊತ್ತಿಗೆ ಸೆವೆರೊ ಬದುಕಿದ್ದ. ಊರು ಪಟಾಕಿ ಹೊಡೆಯಿತು. ನೆಲ್ಫಾ ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕೂತಳು.

"ಚೀಲ ಹಾಕ್ದೆ ಅಕ್ಕ."

"ಬದುಕಿದನಲ್ಲ."

"ಮಾವನೂ ಬದುಕಿದ್ದ."

ಮಾರನೆಯ ಬೆಳಿಗ್ಗೆ ಸೆವೆರೊ ತನ್ನ ಬದಿಯ ಚೀಲ ನೋಡಿಕೊಂಡ. ನೋಡಲು ಬಂದವರನ್ನು ಬಾಗಿಲಲ್ಲೇ ತಡೆಯಿರಿ ಅಂದ. ಮೂರು ತಿಂಗಳಲ್ಲಿ ನಾನೇ ಮುಚ್ಚುತ್ತೇನೆ ಎಂದು ನೆಲ್ಫಾ ಹೇಳಿದಾಗ, "ಎಲ್ಲರೂ ಹಂಗೇ ಹೇಳೋದು," ಅಂದು ಗೋಡೆಯ ಕಡೆ ತಿರುಗಿದ.

ಆ ವಾರವೇ ಅನಾಕ್ಲೆತೊ ಮಾವ ಆಸ್ಪತ್ರೆಗೆ ಬಂದ. ಅವನು ಊರೊಳಗೆ ಕಾಲಿಟ್ಟದ್ದನ್ನು ನಾನು ಕಂಡು ಎಷ್ಟೋ ಕಾಲವಾಗಿತ್ತು. ಬಾಗಿಲಲ್ಲಿ ತಡೆದವರನ್ನು ಭುಜದಿಂದ ತಳ್ಳಿ ಒಳಗೆ ಹೋಗಿ ಸೆವೆರೊನ ಹಾಸಿಗೆಯ ಮೇಲೆಯೇ ಕೂತ. ನಾನು ಸೂಪು ಹಿಡಿದು ಹಿಂದೆಯೇ ಹೋದೆ, ಜಗಳವಾದೀತೆಂದು.

"ಏನಣ್ಣ ಮುಖಂಡರೇ, ಎಡಗಡೆನೋ ಬಲಗಡೆನೋ?"

ಮಾವ ತಾನೇ ಕಂಬಳಿಯ ತುದಿ ಎತ್ತಿ ನೋಡಿದ.

"ಎಡಗಡೆನೇ. ನಂದೂ ಅದೇ. ಆ ವರ್ಷ ಹಬ್ಬದಲ್ಲಿ ಕುಣಿಯೋ ಸಾಲಿಂದ ನನ್ನ ಎಳೆದು ಆಚೆ ನಿಲ್ಲಿಸ್ದವರು ಯಾರು, ನೆನಪಿದೆಯಾ?"

"ವಾಸನೆ ಬರ್ತಿತ್ತು ಕಣಯ್ಯ," ಅಂದ ಸೆವೆರೊ, ಗೋಡೆಯ ಕಡೆಯೇ ನೋಡುತ್ತ.

"ಈಗ್ಲೂ ಬರ್ತಿದೆ. ಈ ಸಲ ನಂದಲ್ಲ."

ಆಮೇಲೆ ಸೆವೆರೊನ ಹೆಗಲು ಅಲುಗಿತು. ನಗುತ್ತಿದ್ದಾನೆ ಅಂದುಕೊಂಡೆ. ಹೊಲಿಗೆ ಎಳೆದು ಅಯ್ಯೋ ಅಂದಾಗಲೇ ಅವನ ಕಣ್ಣಲ್ಲಿ ನೀರಿದ್ದದ್ದು ಕಂಡಿತು. ಮಾವ ಕೋಕಾ ಎಲೆಯ ಪೊಟ್ಟಣ ಹಾಸಿಗೆಯ ಮೇಲಿಟ್ಟು, ಎದ್ದು ಹೋದ. ಅವನು ಬಂದದ್ದು ಸೇಡಿಗೋ ಸಮಾಧಾನಕ್ಕೋ ನನಗೆ ಈ ಹೊತ್ತಿಗೂ ಬಗೆಹರಿದಿಲ್ಲ. ನೆಲ್ಫಾಳನ್ನು ಕೇಳಿದರೆ, "ನನ್ನ ಕೇಳ್ಬೇಡ, ನಂಗೆ ಹೊಟ್ಟೆ ಮಾತ್ರ ಗೊತ್ತು," ಅಂದಳು.

ರಸ್ತೆ ತೆರೆಯಿತು. ಸರ್ಕಾರ ಅರಿವಳಿಕೆ ಡಾಕ್ಟರ ಹುದ್ದೆಗೆ ಒಪ್ಪಿತು, ಲಿಸೆತ್ ವಾರಕ್ಕೆ ನಾಲ್ಕು ದಿನ ಇರತೊಡಗಿದರು. ಚಳಿಗಾಲ ಮುಗಿಯುವ ಹೊತ್ತಿಗೆ ನೆಲ್ಫಾ ಹೇಳಿದಂತೆ ಸೆವೆರೊನ ಹೊಟ್ಟೆ ತೆರೆದು, ತುದಿಗಳನ್ನು ಜೋಡಿಸಿ, ಬದಿಯ ತೂತು ಮುಚ್ಚಿದಳು. ಐದನೆಯ ದಿನ ಅವನು ಸಹಜವಾಗಿ ಹೂಸು ಬಿಟ್ಟಾಗ ದಾರಿಯಾ ಅಂಗಳಕ್ಕೆ ಓಡಿ ಬಂದು ಆ ಸುದ್ದಿ ಎಲ್ಲರಿಗೂ ಹೇಳಿದಳು. ಅವನು ಮತ್ತೆ ಪೊಂಚೊ ಹೊದ್ದು ಸಭೆಗಳಿಗೆ ಹೋಗತೊಡಗಿದ.

ಅದನ್ನು ನೋಡಿಯೋ ಏನೋ, ಒಂದು ಸೋಮವಾರ ಬೆಳಿಗ್ಗೆ ಮಾವ ಕಂಬಳಿಯ ಗಂಟು ಹೊತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ. ನೆಲ್ಫಾ ಬಂದಾಗ, "ಹಾಸಿಗೆ ಖಾಲಿ ಇದೆಯಾ?" ಅಂದ.

ಅವಳ ಮುಖ ಆವತ್ತು ಬೆಳಗಿದ್ದನ್ನು ನಾನು ನೋಡಿದೆ. ಅಂಥ ಬೆಳಕನ್ನು ಆಮೇಲೆ ನೋಡಿಲ್ಲ. ಒಂದು ವಾರ ಅವನನ್ನು ಇಟ್ಟುಕೊಂಡು ಪರೀಕ್ಷೆ ಮಾಡಿದಳು, ಎಲ್ ಆಲ್ತೊಗೆ ಕರೆದೊಯ್ದು ಹೊಟ್ಟೆಯೊಳಗಿನ ಚಿತ್ರ ತೆಗೆಸಿದಳು, ತನ್ನ ಹಳೆಯ ಗುರುಗಳಿಗೆ ತೋರಿಸಿದಳು. ಇಷ್ಟು ವರ್ಷ ಕೆಲಸವಿಲ್ಲದೆ ಬಿದ್ದಿದ್ದ ಕೆಳಗಿನ ಕರುಳು ಸುರುಟಿ, ಬೆರಳಿನಷ್ಟಾಗಿ, ಒಳಗೆ ಎಲ್ಲೆಲ್ಲೋ ಅಂಟಿಕೊಂಡಿತ್ತು. ಎತ್ತರದಲ್ಲಿ ಬಾಳಿ ಬಾಳಿ ಅವನ ರಕ್ತ ಗಟ್ಟಿಯಾಗಿತ್ತು, ಶ್ವಾಸಕೋಶ ಸೋತಿತ್ತು. ಗುರುಗಳು ನಿನ್ನಿಷ್ಟ ಅಂದರು. ಲಿಸೆತ್ ಬೇಡ ಅಂದರು.

ಹೇಳುವ ದಿನ ನನ್ನನ್ನೂ ಕರೆದಳು. ಮಾವ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ.

"ಮಾವ, ನಾನು ಮಾಡಲ್ಲ. ಮಾಡಿದ್ರೆ ನೀನು ಮೇಜಿನ ಮೇಲೇ ಹೋಗೋ ಸಾಧ್ಯತೆ ಹೆಚ್ಚು."

"ಸೆವೆರೊಗೆ ಮಾಡ್ದೆ."

"ಅವನದು ಮೂರು ತಿಂಗಳದ್ದು."

"ನನಗೋಸ್ಕರನೇ ಓದ್ದೋಳು ನೀನು."

"ಗೊತ್ತಿಲ್ಲ ಮಾವ. ಇರ್ಬಹುದು. ಆದ್ರೂ ಮಾಡಲ್ಲ."

ಮಾವ ಅವಳ ಕೈಗಳನ್ನು ನೋಡಿದ. "ಆಯ್ತು ಬಿಡು," ಅಂದ. "ಕುರೀನ ಪಕ್ಕದವನ ಕೈಗೆ ಬಿಟ್ಟು ವಾರ ಆಯ್ತು. ಎಷ್ಟು ತಿಂದ್ನೋ ಏನೋ." ಕಂಬಳಿ ಮಡಿಸಿ ಗಂಟು ಕಟ್ಟಿದ. ಅವನಿಗೆ ಬೇಸರವಾಯಿತೋ ನಿರಾಳವಾಯಿತೋ ಮುಖದಲ್ಲಿ ಕಾಣಲಿಲ್ಲ. ಅವನು ನಿಜವಾಗಿ ಮುಚ್ಚಿಸಿಕೊಳ್ಳಲು ಬಂದಿದ್ದನೇ, ಅವಳು ಕೇಳಿದ್ದಳಲ್ಲ ಎಂದು ಬಂದಿದ್ದನೇ, ಅದೂ ಗೊತ್ತಿಲ್ಲ.

ಆವತ್ತು ನೆಲ್ಫಾ ಒಂದು ಅಂಡವಾಯು, ಒಂದು ಪಿತ್ತಕೋಶ ಮಾಡಿ ಮನೆಗೆ ಬಂದಳು. ನಾನು ಚುನ್ಯೊ ಸಿಪ್ಪೆ ಸುಲಿಯುತ್ತಿದ್ದೆ. ಅವಳೂ ಕೂತು ಸುಲಿದಳು.

"ಆಗಲ್ಲ ಅಂದಾಗ ನಂಗೆ ಹಗುರ ಅನ್ನಿಸ್ತು ಅಕ್ಕ. ಅಳು ಬರ್ಬೇಕಿತ್ತು. ಯಾಕೆ ಹಗುರ ಅನ್ನಿಸ್ತು?"

ನಾನು ಯೋಚಿಸಿದೆ. ಹೆದರಿದ್ದಿರಬಹುದು. ಸಾಲ ತೀರಿದಂತಾಗಿದ್ದಿರಬಹುದು. ಎರಡೂ ಸರಿಯೆನಿಸಲಿಲ್ಲ. ಅವಳ ಮುಂದೆ ಇನ್ನಷ್ಟು ಚುನ್ಯೊ ಸರಿಸಿದೆ.

ವರ್ಷದ ಕೊನೆಗೆ ಅವಳ ಗುತ್ತಿಗೆ ಮುಗಿಯಿತು. ನಗರದ ಒಂದು ದೊಡ್ಡ ಆಸ್ಪತ್ರೆ ಕರೆದಿತ್ತು. ಅವಳಮ್ಮ ಹೋಗು ಅಂದಳು, ಸೆವೆರೊ ಮತ್ತೆ ರಸ್ತೆ ತಡೀತೀನಿ ಅಂದ. ನೆಲ್ಫಾ ಎರಡು ರಾತ್ರಿ ನಿದ್ದೆಯಿಲ್ಲದೆ ಕಳೆದು ವಿಲಾಕೋಯೊಗೇ ಸಹಿ ಹಾಕಿದಳು. ಯಾಕೆ ಎಂದು ಕೇಳಿದರೆ, ನಗರದವರು ಅರ್ಜಿಗೆ ಎರಡು ಫೋಟೊ ಕೇಳಿದ್ದರು, ನನ್ನ ಹತ್ತಿರ ಒಂದೇ ಇತ್ತು ಅಂದಳು. ನಾನು ತಮಾಷೆ ಅಂದುಕೊಂಡು ನಕ್ಕೆ. ಅವಳು ನನ್ನನ್ನೇ ನೋಡುತ್ತಿದ್ದಳು, ನಾನು ಯಾಕೆ ನಗುತ್ತಿದ್ದೇನೆ ಎಂದು ತಿಳಿಯದವಳಂತೆ.

ಈಗ ಅವಳು ಬಂದು ಆರನೆಯ ವರ್ಷ. ಆಸ್ಪತ್ರೆಯ ಹಿಂದೆ ಒಂದು ಕೋಣೆ ಕಟ್ಟಿಸಿಕೊಂಡಿದ್ದಾಳೆ, ಅದಕ್ಕೆ ಇನ್ನೂ ಗಾರೆ ಮಾಡಿಸಿಲ್ಲ. ಕೆಲವು ಬೆಳಿಗ್ಗೆ ನಾನು ಶಾಲೆಗೆ ಹೋಗುವಾಗ ಅವಳು ಅಂಗಳದಲ್ಲಿ ನಿಂತಿರುತ್ತಾಳೆ, ಕೈಗಳನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು, ಏನನ್ನೋ ಮರೆತವಳ ಹಾಗೆ. ಒಳಗಿನಿಂದ ನರ್ಸು ಕೂಗುತ್ತಾಳೆ, ರೋಗಿ ತಯಾರು ಎಂದು. ಅವಳು ಹೋಗುತ್ತಾಳೆ.